ದನಿ ಹೋದ ಸೋದರತ್ತೆ

ಕೊರಳಿಗೆ ಕತ್ತರಿ ಬಿದ್ದವರಿಗೆ ದುಃಖ ಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ನಗುವೂ ಬೆನ್ನು ಹತ್ತುತ್ತದೆ ಎಂದು ಒಬ್ಬರೂ ಹೇಳಿರಲಿಲ್ಲ. ನಾನು ರಂಗಂಪೇಟೆಯ ಶಾಲೆಯೊಂದರಲ್ಲಿ ಟೀಚರು. ಥೈರಾಯ್ಡ್ ಕ್ಯಾನ್ಸರ್ ಎಂದು ಗ್ರಂಥಿಯನ್ನು ಪೂರ್ತಿ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತು ಮಾತ್ರ.

"ದನಿಯ ನರ ದಣದಾವ. ಮತ್ತ ಬರಬಹುದು, ಬರದೇ ಇರಬಹುದು" ಎಂದರು ಡಾಕ್ಟರು.

ನನ್ನ ಚಿಂತೆ ಒಂದೇ. ತಮ್ಮನ ಹೆಂಡತಿ ಬಸುರಿ. ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಕೂಗಬೇಕಾದ ಸೋದರತ್ತೆ ನಾನೊಬ್ಬಳೇ.

ಅರ್ಧ, ಪೂರ್ತಿ

ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು ಶಹಾಪುರದಾಕೆ. ಆಕೆಯದು ಸಣ್ಣ ಗಡ್ಡೆ, ಅರ್ಧ ಗ್ರಂಥಿ ಮಾತ್ರ ತೆಗೆದಿದ್ದರು. ದನಿ ಗಂಟೆಯ ಹಾಗಿತ್ತು. ನನ್ನಂತೆ ಜನ್ಮವಿಡೀ ಬೆಳಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿ ಚಹಾಕ್ಕೆ ಕಾಯುವ ಶಿಕ್ಷೆಯೂ ಆಕೆಗೆ ಇರಲಿಕ್ಕಿಲ್ಲ ಎಂದಿದ್ದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ನನ್ನನ್ನು ನೋಡಲು ಬಂದ ನಮ್ಮತ್ತೆ ನನಗೊಂದು ಡಜನ್ ಬಾಳೆಹಣ್ಣು ಇಟ್ಟು ಆಕೆಯ ಕಡೆ ತಿರುಗಿದರು. "ನಿಂದೆಷ್ಟು ತಗದಾರವ್ವಾ?"

"ಅರ್ಧರೀ."

ಅತ್ತೆ ಚೀಲದಲ್ಲಿದ್ದ ಇನ್ನೊಂದು ಚಿಪ್ಪಿನಿಂದ ಅರ್ಧ ಡಜನ್ ಮುರಿದು ಕೊಟ್ಟರು. ಆಕೆ ಎರಡೂ ಮಂಚದ ಹಣ್ಣು ನೋಡಿ ಗಂಡನಿಗೆ ಹೇಳಿದಳು: "ನೋಡ್ರಿ, ಪೂರ್ತಿ ತಗಸಬೇಕಿತ್ತು."

ಟವೆಲ್ಲು

ಮುಂದೆ ವಿಕಿರಣ ಸೂಸುವ ಅಯೋಡಿನ್ ಚಿಕಿತ್ಸೆ. ಅದಾದ ಮೇಲೆ ಕೆಲವು ದಿನ ಬಸುರಿಯರಿಂದ, ಮಕ್ಕಳಿಂದ ದೂರ ಇರಬೇಕೆಂದರು. ವನದುರ್ಗದ ಕಡೆ, ಕಾಲುವೆ ದಂಡೆಯಲ್ಲಿದ್ದ ತಮ್ಮನ ಹೊಲದ ಕೋಣೆಯಲ್ಲಿ ಉಳಿದೆ. ಚಿಕಿತ್ಸೆಗೆಂದು ಗುಳಿಗೆ ನಿಲ್ಲಿಸಿದ್ದರಿಂದ ಮೈಯೆಲ್ಲ ಮಂಪರು. ಮಧ್ಯಾಹ್ನ ನೀರು ನೋಡುತ್ತ ಕುಳಿತರೆ ನೀರು ನಿಂತು ನಾನೇ ಹರಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಭತ್ತದ ಹಸಿರು ಕಣ್ಣು ಮುಚ್ಚಿದರೂ ಹೋಗುತ್ತಿರಲಿಲ್ಲ. ಸುಳ್ಳೇಕೆ, ನನಗದು ಹಿತವಾಗಿತ್ತು.

ಆದರೆ ಹುಷಾರಿಲ್ಲದವರನ್ನು ಮಾತಾಡಿಸಿ ಬರದಿದ್ದರೆ ನಮ್ಮಲ್ಲಿ ನೆಂಟಸ್ತನವೇ ಮುರಿಯುತ್ತದೆ. ನೆಂಟರು ಆಚೆ ದಂಡೆಯಲ್ಲಿ ಸಾಲಾಗಿ ನಿಂತು ಕೂಗಿದರು: "ಆರಾಮಿದ್ದೀಯೇನವ್ವಾ?"

ನನಗೆಲ್ಲಿ ದನಿ? ಟವೆಲ್ ತೆಗೆದು ಜೋರಾಗಿ ಬೀಸಿದೆ. ದೂರದಲ್ಲಿದ್ದ ಕಾಲುವೆ ಗೇಟಿನವನು ಅದನ್ನು ಕಂಡ. ಆ ಹೊಲಗಳಲ್ಲಿ ಟವೆಲ್ ಬೀಸಿದರೆ ನೀರು ಬಿಡು ಎಂದು ಲೆಕ್ಕ. ಬಿಟ್ಟೇಬಿಟ್ಟ. ಅಂದು ನೀರಿನ ಪಾಳಿಯೇ ಇಲ್ಲದ ಕಟ್ಟಕಡೆಯ ಹೊಲ ತುಂಬಿತು.

ಮರುದಿನ ಆ ಹೊಲದವನು ಆಚೆ ದಂಡೆಗೆ ಬಂದ. ಬೈಗುಳ ಕಾದಿದೆ ಅಂದುಕೊಂಡೆ. ಅವನು ಕೈಮುಗಿದ: "ಅಕ್ಕೋರೆ, ಎಷ್ಟು ಮಂದಿ ಸಾಹೇಬರ ಕಾಲಿಗೆ ಬಿದ್ರೂ ಈ ನೀರು ನನ್ನ ಹೊಲ ಮುಟ್ಟಿದ್ದಿಲ್ಲರಿ. ನಾಳಿನೂ ಒಂಚೂರು ಟವೆಲ್ ಬೀಸ್ರಿ."

ಮೌನದ ತರಗತಿ

ಶಾಲೆಗೆ ಮರಳಿದೆ. ನಾನು ಪಿಸುಗುಟ್ಟಿ ಪಾಠ ಹೇಳಿದರೆ ಮಕ್ಕಳೂ ಪಿಸುಗುಟ್ಟಿಯೇ ಉತ್ತರ ಕೊಟ್ಟರು. ಎಂದೂ ಇಲ್ಲದ ಆ ಶಾಂತಿಗೆ ಹೆದರಿ ಹೆಡ್ ಮಾಸ್ತರು ಅಂಗಿ ಗುಂಡಿ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದು, ಅವರೂ ಪಿಸುಗುಟ್ಟಿದರು: "ಯಾಕ್ರೀ, ತಪಾಸಣಿಗೆ ಸಾಹೇಬ್ರು ಬಂದಾರೇನು?"

ಕುರ್ರ್

ಹೆಣ್ಣು ಕೂಸು ಹುಟ್ಟಿತು. ಯಾದಗಿರಿಯಲ್ಲಿ, ತಮ್ಮನ ಹೆಂಡತಿಯ ತವರಲ್ಲಿ ತೊಟ್ಟಿಲು ಕಟ್ಟಿದರು. ನನ್ನ ದನಿ ಇನ್ನೂ ಬಂದಿರಲಿಲ್ಲ.

ತಮ್ಮನ ಅತ್ತೆ ಎಲ್ಲರೆದುರಿಗೇ ಅಂದರು: "ದನಿ ಇಲ್ಲದಾಕಿ ಹೆಸರಿಟ್ರ ಕೂಸು ಮೂಕ ಆದೀತು. ಬ್ಯಾರೆ ಯಾರನ್ನಾರ ಕರೀರಿ."

ಗಂಟಲು ಕೊಯ್ದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ತಮ್ಮನ ಹೆಂಡತಿ ಕೂಸನ್ನು ಎದೆಗವುಚಿಕೊಂಡಳು. "ಅಕ್ಕಾರೇ ಹೆಸರಿಡಬೇಕು. ಇಲ್ಲಾಂದ್ರ ನಾ ಕೂಸಿನ್ನ ತೊಟ್ಟಿಲಿಗೆ ಹಾಕಂಗಿಲ್ಲ."

ನಾನು ತೊಟ್ಟಿಲಿಗೆ ಬಗ್ಗಿದೆ. ಹಾಲಿನ ವಾಸನೆಯಲ್ಲಿ ಸುತ್ತಲ ಗದ್ದಲವೆಲ್ಲ ಕರಗಿ ದೂರ ಹೋಯಿತು. "ಕುರ್ರ್" ಎಂದು ಉಸಿರಿನಲ್ಲೇ ಹೆಸರು ಹೇಳಿದೆ. ಕೂಸು ಕಣ್ಣು ತೆರೆದು ನನ್ನನ್ನೇ ನೋಡಿತು. ಅದಕ್ಕೆ ಕೇಳಿಸಿತ್ತು.

ಹೆಸರು ಕೂಗಿದ ಕೂಡಲೇ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ನಮ್ಮ ಪದ್ಧತಿ. ಕೂಗೇ ಕೇಳಿಸದಿದ್ದರೆ ಗುದ್ದುವುದು ಯಾವಾಗ? ಎಲ್ಲರೂ ಮುಷ್ಟಿ ಎತ್ತಿಕೊಂಡು ನಿಂತಿದ್ದರು.

"ಆತೇನವ್ವಾ?" ಎಂದು ಯಾರೋ ಕೇಳಿದರು. ಹೌದೆಂದು ತಲೆಯಾಡಿಸಿದೆ. ತಡೆದಿಟ್ಟ ಗುದ್ದುಗಳೆಲ್ಲ ಒಮ್ಮೆಲೇ ಬಿದ್ದವು.

"ಅಯ್ಯಯ್ಯೋ, ಸತ್ತೆನ್ರೇ!"

ಅಂಗಳದಲ್ಲಿದ್ದ ಗಂಡಸರೂ ಓಡಿ ಬಂದರು. ಕೂಗಿದ್ದು ನಾನು. ಒರಟಾಗಿತ್ತು, ಒಡೆದಿತ್ತು, ಆದರೂ ಅದು ನನ್ನದೇ ದನಿ! ಸಂತೋಷಕ್ಕೆ ನನ್ನ ಕಣ್ಣು ತುಂಬಿದವು, ತಮ್ಮನ ಹೆಂಡತಿಯವೂ ತುಂಬಿದವು.

"ಅಕ್ಕಾ, ಕೂಸಿನ ಹೆಸರು ಹೇಳ್ರಿ. ನಮಗ್ಯಾರಿಗೂ ಕೇಳಿಲ್ಲ" ಅಂದಳು.

ಖುಷಿಯಿಂದ ಬಾಯಿ ತೆರೆದೆ. ಬರೀ ಗಾಳಿ ಬಂತು.

ಆಗ ತಮ್ಮನ ಅತ್ತೆ ಕೈಬಳೆಗಳನ್ನು ಮೊಳಕೈವರೆಗೆ ಏರಿಸಿಕೊಂಡು ಮುಂದೆ ಬಂದರು. "ಹೆದರಬ್ಯಾಡವ್ವಾ. ಎಲ್ಲಿ ಗುದ್ದಿದ್ರ ಬರ್ತದ ಅಂತ ಈಗ ಗೊತ್ತಾಗ್ಯಾದ. ಬಗ್ಗು."