ಸೊಣ್ಣಪ್ಪನ ಮನೆ ದೃಷ್ಟಿ

ಅತ್ತೆ: ಅಂದ್ರೆ, ಸೊಣ್ಣಪ್ಪನ ಮನೆ ದೃಷ್ಟಿ ನಮ್ಮನೆ ಮೇಲೆ ಬೀಳ್ಲೇಬೇಕು ಅಂತೀಯಾ?

ಇವರು: ನೇರವಾಗಿ ಬೀಳ್ಬೇಕಮ್ಮ. ಮಧ್ಯೆ ಏನೂ ಅಡ್ಡ ಇರ್ಬಾರ್ದು.

ಅತ್ತೆ: ಅವ್ನ ಎಂಡ್ರು ಒಂದ್ಸಲ ನೋಡಿದ್ದಕ್ಕೇ ನನ್ ನುಗ್ಗೆ ಮರ ಒಣಗೋಯ್ತು. ಈಗ ಡಬ್ಬಿ ಇಟ್ಟು ನೋಡುಸ್ತೀಯಾ?

ಇವರು: ಕಣ್ಣಿನ ದೃಷ್ಟಿ ಅಲ್ಲಮ್ಮ, ಡಬ್ಬೀದು. ಅಗಲೂ ರಾತ್ರಿ ನಮ್ಮನ್ನೇ ನೋಡ್ತಾ ಇರ್ತದೆ.

ಅತ್ತೆ: ರೆಪ್ಪೇನೂ ಬಡಿಯಲ್ವಾ?

ಇವರು (ಹೆಮ್ಮೆಯಿಂದ): ಇಲ್ಲ.

ಹೆದರಿದವರಿಗೆ ಸಮಾಧಾನ ಹೇಳುವುದರಲ್ಲಿ ನನ್ನ ಗಂಡ ಕಾಂತರಾಜರನ್ನು ಮೀರಿಸುವವರಿಲ್ಲ.

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಬೀದಿಯವರು ತಾವೇ ಸೇರಿ, ರಜೆಯ ದಿನ ಏಣಿ ಹತ್ತಿ, ತಾರಸಿಯಿಂದ ತಾರಸಿಗೆ ಗಾಳಿಯಲ್ಲೇ ಹಾಯುವ ಇಂಟರ್ನೆಟ್ ಕಟ್ಟುತ್ತಿದ್ದಾರೆ. ಸಿಗ್ನಲ್ ಬರಬೇಕಾದರೆ ಸೊಣ್ಣಪ್ಪನವರ ತಾರಸಿಯ ಡಬ್ಬಿಗೆ ನಮ್ಮ ತಾರಸಿಯ ಡಬ್ಬಿ ಕಾಣಬೇಕು. ಕಾಣುತ್ತಿರುವುದು ಅತ್ತೆ ಕಂಬಕ್ಕೆ ಕಟ್ಟಿದ, ಕೋರೆಹಲ್ಲು ಬರೆದ ಬೂದುಗುಂಬಳಕಾಯಿ. ಅದರ ತುಂಬ ನೀರು; ಸಿಗ್ನಲ್ ದಾಟುವುದಿಲ್ಲ. ಡಬ್ಬಿಯನ್ನು ಆಚೆ ಸರಿಸಿದರೆ ನೀರಿನ ಟ್ಯಾಂಕ್ ಅಡ್ಡ.

ಕಾಯಿ ಕಟ್ಟಿದ್ದು ನನ್ನ ಮಗಳು ಲಿಖಿತಳಿಗಾಗಿ. ಮೂರು ತುಂಬುತ್ತ ಬಂದರೂ ಮಾತು ಬಂದಿಲ್ಲ. ಯಾರದೋ ದೃಷ್ಟಿ ಎಂದು ಅತ್ತೆಯ ತೀರ್ಮಾನ. ಡಬ್ಬಿ ಇಟ್ಟದ್ದೂ ಅವಳಿಗಾಗಿಯೇ. ಮಾತು ಕಲಿಸುವ ಶ್ಯಾಮಲಾ ಮೇಡಂ ಮೈಸೂರಿನಿಂದ ವಿಡಿಯೋದಲ್ಲಿ ಬರುತ್ತಾರೆ. ‘ತ’ ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಫೋನಿನ ನೆಟ್ ನಿಂತು, ಅವರು ಹಾಗೆಯೇ ಉಳಿಯುತ್ತಾರೆ. ಮಗಳೂ ಶ್ರದ್ಧೆಯಿಂದ ಬಾಯಿ ತೆರೆದು ಕೂರುತ್ತಾಳೆ. ಈವರೆಗೆ ಅವಳು ಕಲಿತ ಪಾಠ ಇದೊಂದೇ.

ನಾನು: ಅತ್ತೆ, ಕಾಯಿ ಒಂಚೂರು ಸರಿಸಿದ್ರೆ ಮಗೂಗೆ ಪಾಠ ಆಗ್ತದೆ.

ಅತ್ತೆ: ಸರಿಸಿದ್ರೆ ಮಗೂಗೆ ಮಾತೇ ಬರಾಕಿಲ್ಲ.

ನಾನು: ಕಟ್ಟಿದ್ ಮೇಲೆ ಬಂತಾ?

ಅತ್ತೆ: ನಿಮ್ ಡಬ್ಬಿ ಕಟ್ಟಿದ್ ಮೇಲೆ ಬಂತಾ?

ಕೊನೆಗೆ ಅತ್ತೆ ಒಂದೇ ಒಂದು ಪಾಠದ ಮಟ್ಟಿಗೆ ಕಾಯಿಯನ್ನು ಬಾಗಿಲಿಗೆ ಕಟ್ಟಲು ಒಪ್ಪಿದರು. ಷರತ್ತು: ಕಾಯಿಯ ಬದಲು ಅವರೇ ಮಗುವಿನ ಪಕ್ಕ ಕಾವಲು ಕೂರುತ್ತಾರೆ, ಉಪ್ಪು ಮೆಣಸಿನಕಾಯಿ ಹಿಡಿದು.

ಕಾಯಿ ಇಳಿಯಿತು. ಅತ್ತ ತಾರಸಿಯಿಂದ ಸೊಣ್ಣಪ್ಪ ಸಂತೋಷ ತಡೆಯಲಾರದೆ ಕೂಗಿದರು.

ಸೊಣ್ಣಪ್ಪ: ಕಾಂತರಾಜೂ, ಈಗ ನಿಮ್ಮನೆ ಬೋ ಚೆನ್ನಾಗಿ ಕಾಣ್ತಾ ಐತೆ ಕಣಯ್ಯಾ!

ಅತ್ತೆಯ ಮುಷ್ಟಿಯಲ್ಲಿ ಮೆಣಸಿನಕಾಯಿ ಮುರಿದ ಸದ್ದು ಕೇಳಿತು.

ಫೋನಿನಲ್ಲಿ ಮೇಡಂ ಮೂಡಿದರು, ಓಲೆಯ ಹರಳು ಕೂಡ ಎಣಿಸುವ ಹಾಗೆ.

ಮೇಡಂ: ಇವತ್ತು ಮುಖ ಸರಿಯಾಗಿ ಕಾಣ್ತಿದೆ ನೋಡಿ. ಎಷ್ಟು ಮುದ್ದಾಗಿದಾಳೆ!

ಅಷ್ಟು ಸಾಕಾಯಿತು. ಅತ್ತೆ ಮಗುವಿಗೆ ನಿವಾಳಿಸಿದರು. ಒಂದು ಗಳಿಗೆ ಯೋಚಿಸಿ ಫೋನಿಗೂ ನಿವಾಳಿಸಿದರು.

ಅತ್ತೆ: ಬೀದಿಯೋರ ಕಣ್ಣು, ಡಬ್ಬಿ ಕಣ್ಣು, ಈ ಮೇಡಮ್ಮನ ಕಣ್ಣು… ತೂ ಅನ್ನು ಕಂದಾ. ತೂ!

ಲಿಖಿತ ಅಜ್ಜಿಯ ಬಾಯಿ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ, ನೇರ ಮೇಡಂ ಮುಖಕ್ಕೆ:

ಲಿಖಿತ: ತೂ. ತೂ!

ನಾವು ಮೂವರೂ ಬಾಯಿ ತೆರೆದು ಹಾಗೇ ನಿಂತೆವು.

ಮೇಡಂ: ಹಲೋ? ನಿಮ್ಮ ಕಡೆ ನೆಟ್ ನಿಂತುಹೋಯ್ತಾ?

‘ತ’ ಅಚ್ಚುಕಟ್ಟಾಗಿ ಬಂದಿದೆ, ನಿಮ್ಮತ್ತೆ ಏನು ಮಾಡಿದರೋ ಅದನ್ನೇ ದಿನಾ ಮಾಡಿಸಿ ಎಂದರು ಮೇಡಂ. ನಾನು ಮೊದಲು ಫೋನಿನ ಗಾಜು ಒರೆಸಿದೆ, ಆಮೇಲೆ ನನ್ನ ಕಣ್ಣು.

ಇವರು: ನೋಡ್ದೇನಮ್ಮ, ನಮ್ ನೆಟ್ಟು?

ಅತ್ತೆ: ಊಂ ಕಣ್ಲಾ, ಪರವಾಗಿಲ್ಲ. ನನ್ ತೂನ ಮೈಸೂರ್ಗಂಟ ಮುಟ್ಟುಸ್ತಲ್ಲ.