ಎತ್ತಿನ ಕೊಂಬೂ ಈಸ್ಟರ್ ಮೊಟ್ಟೆಯೂ

ನನ್ನ ಮೊಮ್ಮಗಳು ರತ್ನಳಿಗೆ ಈಸ್ಟರ್ ಮೊಟ್ಟೆಯ ಸಿಂಗಾರದಲ್ಲಿ ಮೊದಲನೆಯ ಬಹುಮಾನ ಬಂದಿದೆ. ಬಂಗಾರಪೇಟೆ ಸ್ಟೇಷನ್ನಿನಿಂದ ಮನೆಯವರೆಗೆ ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದೆ. ಕೇಳದೆ ಉಳಿದವರು ನೀವೊಬ್ಬರೇ. ನಾನು ಕಲಿತದ್ದು ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುವಷ್ಟು. ಆದರೆ ಬಣ್ಣದ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸಂಕ್ರಾಂತಿಗೆ ಎತ್ತಿನ ಕೊಂಬು ಸಿಂಗರಿಸಿ ಪಳಗಿದ ಕೈ ಇದು. ಒಂದು ವರ್ಷ ನನ್ನ ಭಾವಮೈದುನ ನಾನು ಸಿಂಗರಿಸಿ ನಿಲ್ಲಿಸಿದ್ದ ತನ್ನದೇ ಎತ್ತನ್ನು ಗುರುತಿಸದೆ, ಮಾರ್ತೀರಾ ಎಂದು ನನ್ನನ್ನು ಕೇಳಿದ್ದ.

ರತ್ನ ಚಿನ್ನದ ಗಣಿಯ ಕಡೆ, ಮಾರಿಕುಪ್ಪಂನ ಮಿಷನ್ ಶಾಲೆಗೆ ಹೋಗುತ್ತಾಳೆ. ಸಿಂಗರಿಸಿದ ಮೊಟ್ಟೆ ತನ್ನಿ ಎಂದು ದೊರೆಸಾನಿ ಟೀಚರು ಹೇಳಿದಾಗಿನಿಂದ ಮಗು ಸರಿಯಾಗಿ ಉಂಡಿರಲಿಲ್ಲ. ಗಣಿ ಸಾಹೇಬರ ಮಕ್ಕಳ ಹತ್ತಿರ ಬಣ್ಣದ ಪೆಟ್ಟಿಗೆ ಇದೆಯಂತೆ.

"ನಮ್ತಾವ ಏನೈತೆ ತಾತ? ನಾನು ಓಗಲ್ಲ," ಎಂದಳು.

"ನಮ್ತಾವ ನಾನಿದೀನಿ ಕಣಮ್ಮ," ಎಂದೆ.

ಕೊತ್ತಂಬರಿ ಎಲೆಯನ್ನು ಮೊಟ್ಟೆಗೆ ಒತ್ತಿ, ಹಳೆ ಪಂಚೆಯ ಚೂರಿನಲ್ಲಿ ಬಿಗಿಯಾಗಿ ಕಟ್ಟಿ, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬೇಯಿಸಿದೆ. ಬಟ್ಟೆ ಬಿಚ್ಚಿದರೆ ಕೆಂಗಂದು ಚಿಪ್ಪಿನ ಮೇಲೆ ಎಲೆಯ ಅಚ್ಚು ಬೆಳ್ಳಗೆ ನಿಂತಿತ್ತು. ಇನ್ನು ಕೆಲವಕ್ಕೆ ಅರಿಶಿನ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೊಟ್ಟಿಡದೆ ಸಿಂಗಾರ ಮುಗಿಯುತ್ತದೆಯೇ? ಪ್ರತಿ ಮೊಟ್ಟೆಗೂ ಕುಂಕುಮ, ಅದರ ಕೆಳಗೆ ಕಾಡಿಗೆಯ ಚುಕ್ಕಿ ಇಟ್ಟೆ.

ನನ್ನ ಹೆಂಡತಿ ಬಗ್ಗಿ ನೋಡಿ, "ಮಾಟ ಮಾಡಿ ಮೂರು ದಾರೀಲಿ ಇಕ್ಕೋ ಮೊಟ್ಟೆ ಇದ್ದಂಗೈತಲ್ಲ," ಎಂದಳು.

"ಮಾಟಗೀಟ ಎಲ್ಲಾ ಸುಳ್ಳು, ಸುಮ್ನಿರು," ಎಂದೆ.

ಮರುದಿನ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಟ್ಟೆ ಒಡೆದಿವೆಯೇನೋ ಎಂದು ಬುಟ್ಟಿಯ ಬಟ್ಟೆ ಸರಿಸಿದೆ. ಎದುರಿಗಿದ್ದ ಹೆಂಗಸು, "ಯಾರ್ ಮೇಲಕ್ಕಪ್ಪ ತಕ್ಕೊಂಡೋಯ್ತಿದೀಯ ಇದ್ನ?" ಎಂದವಳೇ ತನ್ನ ಕೂಸನ್ನು ಕಂಕುಳಿಗೇರಿಸಿಕೊಂಡು ಎದ್ದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಇಡೀ ಬೆಂಚು ನಮಗೇ ಉಳಿಯಿತು. ನಾನು ಸುಖವಾಗಿ ಕಾಲು ಚಾಚಿದೆ. ರತ್ನ ಅಳುಮುಖ ಮಾಡಿ, "ಸ್ಕೂಲಲ್ಲೂ ಇಂಗೇ ಎದ್ದೋದ್ರೆ?" ಎಂದಳು.

ಶಾಲೆಯ ಬಾಗಿಲಲ್ಲಿ ತಮಿಳಿನ ಆಯಾ ಬುಟ್ಟಿ ನೋಡಿ, ಬೇಡವೇ ಬೇಡವೆಂದು ಅಡ್ಡ ನಿಂತಳು. "ವೇಂಡಾ ತಾತಾ, ಇದು ಒಳಗೆ ವೇಂಡಾ. ಆಚೆ ಬಿಸಾಕ್ಬಿಟ್ಟು ವಾ," ಎಂದಳು. ರತ್ನ ನನ್ನ ಪಂಚೆ ಹಿಡಿದು ಹಿಂದಕ್ಕೆಳೆಯತೊಡಗಿದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಒಂದು ಮೊಟ್ಟೆ ಸುಲಿದು, ಆಯಾ ನೋಡುತ್ತಿದ್ದಂತೆಯೇ ತಿಂದೆ.

"ಮಾಟ ಮಾಡ್ದೋನು ಅದ್ನ ತಾನೇ ತಿಂತಾನೇನಮ್ಮ? ಒಸಿ ಉಪ್ಪಿದ್ರೆ ಕೊಡು."

ಅವಳು ನಗು ತಡೆಯಲಾರದೆ ದಾರಿ ಬಿಟ್ಟಳು.

ದೊರೆಸಾನಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ಈ ಚುಕ್ಕಿ ಏಕೆ ಎಂದು ಕೇಳಿದರಂತೆ. ರತ್ನ ಎದ್ದು ನಿಂತು, "ನಮ್ಮನೆ ಎತ್ಗೂ ಇಂಗೇ ಇಕ್ತೀವಿ, ಯಾರ ಕಣ್ಣೂ ತಾಕ್ಬಾರ್ದು ಅಂತ," ಎಂದಳಂತೆ. ಬಹುಮಾನವಾಗಿ ಕೊಟ್ಟದ್ದು ಬಣ್ಣದ ಪೆಟ್ಟಿಗೆ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತೆವು. ರಾಗಿಮುದ್ದೆ, ಬಹುಮಾನ ಗೆದ್ದ ಮೊಟ್ಟೆಗಳದೇ ಸಾರು. ತುತ್ತಿಗೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದೆ. ಇಡೀ ಶಾಲೆ ಮಗುವನ್ನು ನೋಡಿದೆ, ಊರಿಗೆಲ್ಲ ನಾನೇ ಸಾರಿ ಬಂದಿದ್ದೇನೆ. ಎದ್ದು ಹೋಗಿ, ಬುಟ್ಟಿಯಲ್ಲಿ ಉಳಿದಿದ್ದ ಬೊಟ್ಟಿನ ಮೊಟ್ಟೆಯನ್ನು ತಂದು ರತ್ನಳಿಗೆ ನಿವಾಳಿಸಿದೆ.

"ಮಾಟಗೀಟ ಸುಳ್ಳು ಅಂದೋರು ಯಾರಪ್ಪ?" ಎಂದಳು ಹೆಂಡತಿ.

"ಇದು ಮಾಟ ಅಲ್ಲ ಕಣೆ, ದೃಷ್ಟಿ," ಎಂದೆ.

ಮೂರು ದಾರಿ ಕೂಡುವಲ್ಲಿ ಮೊಟ್ಟೆ ಇಟ್ಟು, ಹಿಂದಿರುಗಿ ನೋಡದೆ ಬಂದು, ಕಾಲು ತೊಳೆದು ಕೂತೆ. ನಾನು ಬರುವ ತನಕ ಯಾರೂ ಮುದ್ದೆ ಮುರಿದಿರಲಿಲ್ಲ.