ಮಕ್ಕಳ ಕಳ್ಳಿ ನಮ್ಮ ಅತ್ತಿ

ನಮ್ಮ ಅತ್ತಿ ಮಕ್ಕಳ ಕಳ್ಳಿ. ಹೌದ್ರೀ, ಕಳ್ಳಿಯೇ! ಅಪ್ಪನ ಒಡಹುಟ್ಟಿದ ಅಕ್ಕನ ಬಗ್ಗೆ ಹೀಗೆ ಬರೆಯಬಹುದೇ ಎಂದು ನೀವು ಹುಬ್ಬೇರಿಸಬಹುದು. ಬರೆಯದೆ ಏನು ಮಾಡಲಿ? ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದರೆ ಶಹಾಬಾದಿನ ನಮ್ಮ ಓಣಿಯಲ್ಲಿ ಚಿಲಕಗಳು ಪಟಪಟನೆ ಬೀಳುತ್ತಿದ್ದವು. ಆದರೆ ಗುಂಡುಗುಂಡಾಗಿ ಓಡಾಡುವ ಕೂಸುಗಳನ್ನು ಆಕೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಡೆಯಲಾಗದ, ಮಾತು ಬಾರದ, ಯಾರಿಗೂ ಕಾಣದಿರಲಿ ಎಂದು ಒಳಗಿನ ಖೋಲಿಯಲ್ಲಿ ಮಲಗಿಸಿ ಕೌದಿ ಹೊಚ್ಚಿದ ಮಕ್ಕಳೇ ಬೇಕು ಆಕೆಗೆ!

ಆಗಷ್ಟೇ ನಾನು ಹೈದರಾಬಾದಿನಲ್ಲಿ ಬಿ.ಎ. ಪಾಸಾಗಿ ಊರಿಗೆ ಬಂದಿದ್ದೆ. ನಮ್ಮ ವಂಶದಲ್ಲಿ ನಾನೇ ಮೊದಲಿಗ. ಅಪ್ಪ ಗಣಿಯಲ್ಲಿ ಫರಸಿ ಕಲ್ಲು ಸೀಳಿ ಕೊಡಿಸಿದ ಡಿಗ್ರಿ ಅದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಿಜಾಮರ ಆಳಿಕೆ ಮುಗಿದು ಬಹಳ ದಿನವಾಗಿರಲಿಲ್ಲ. ಕೋಟು ತೊಟ್ಟು ಕಟ್ಟೆಯ ಮೇಲೆ ಕುಳಿತು, ಯಾರಾದರೂ ಬಂದು “ಏನು ಪಾಸಾದ್ಯೋ?” ಎಂದು ಕೇಳಲಿ ಎಂದು ದಾರಿ ಕಾಯುತ್ತಿದ್ದೆ. ಬಂದವಳು ಅತ್ತಿ. ಹೆಗಲ ಮೇಲೆ ಎದುರುಮನೆಯ ಮಲ್ಲಿ!

ಮಲ್ಲಿಗೆ ಹತ್ತರ ಆಸುಪಾಸು ವಯಸ್ಸು. ಕತ್ತು ನಿಲ್ಲದು, ಕಾಲಲ್ಲಿ ಬಲವಿಲ್ಲ. ಆಡುವ ಮಾತೆಂದರೆ “ಊಂ” ಒಂದೇ. ಆದರೆ ಆ ಒಂದೇ ಊಂನಲ್ಲಿ ಬೈಗುಳ, ಬೇಡಿಕೆ, ಚಾಡಿ ಎಲ್ಲವೂ ಇರುತ್ತಿದ್ದವು. ತಾಯಿ ಗುರಮ್ಮ ನೀರಿಗೆ ಹೋದ ಹೊತ್ತು ನೋಡಿ ಅತ್ತಿ ಎತ್ತಿಕೊಂಡು ಬಂದಿದ್ದಳು.

“ಅತ್ತಿ, ಕೇಳಿ ತಂದೀಯಿಲ್ಲೋ?”

“ಕೇಳಿದ್ರ ಕೊಡ್ತಾಳೇನೋ ಹುಚ್ಚಾ?”

ಅಷ್ಟರಲ್ಲಿ ಎದುರುಮನೆಯಿಂದ ಕೊಡ ಬಿದ್ದ ಸದ್ದು, ಹಿಂದೆಯೇ ಗುರಮ್ಮನ ಚೀರಾಟ. ಯಾರೋ ಬಾವಿಗೆ ಬಿದ್ದರೆಂದು ತಿಳಿದು ಓಣಿಯ ಗಂಡಸರೆಲ್ಲ ಹಣಿಕಿ ನೋಡಲು ಓಡಿದರು. ಆಕೆಯ ಗಂಡ ಪೊಲೀಸ್ ಜವಾನನನ್ನೇ ಕರೆತಂದ! ಬಿ.ಎ. ಆದವನ ಮನೆಗೆ ಪೊಲೀಸ್!

“ಏನಮ್ಮಾ, ಮಂದಿ ಬಚ್ಚಿ ಕದ್ದೀ ಏನು?” ಜವಾನ ಮೀಸೆ ತಿರುವಿದ.

“ಬಾಜೂ ಮನಿಯಿಂದ ಜರಡಿ ತರೂದಿಲ್ಲೇನ್ರಿ ಸಾಬ? ಹಂಗ ತಂದೀನಿ.”

“ಅರೆ! ಜರಡಿ ಬ್ಯಾರೆ, ಬಚ್ಚಿ ಬ್ಯಾರೆ!”

“ಖರೇ ಅದ. ಜರಡಿ ಎಲ್ಲಾರೂ ಬೇಡ್ತಾರ. ಇಕಿನ್ನ ಯಾರು ಬೇಡ್ತಾರ್ರಿ? ಒಂದೀಟು ಹಿಡೀರಿ, ಒಲಿಮ್ಯಾಲಿನ ರೊಟ್ಟಿ ಸೀಯಾಕತ್ತಾವ!”

ಹೀಗೆಂದು ಆತನನ್ನು ಕಟ್ಟೆಯ ಮೇಲೆ ಕೂಡಿಸಿ, ತೊಡೆಗೆ ಮಲ್ಲಿಯನ್ನು ಒಪ್ಪಿಸಿ ಒಳಗೆ ನಡೆದೇಬಿಟ್ಟಳು. ಮಲ್ಲಿಯ ಕೈಗೆ ಸಿಕ್ಕಿದ್ದು ಸರಕಾರದ ಮೀಸೆ! ಜವಾನ ಬಿಡಿಸಿಕೊಳ್ಳಲೂ ಅರಿಯದೆ, ನಗಲೂ ಅರಿಯದೆ ಬಿಸಿ ರೊಟ್ಟಿ ತಿಂದು ಹೋದ. ಕೇಸು ಖಲಾಸ್.

ಗುರಮ್ಮ ಮಾತ್ರ ಬೆಂಕಿಯಾಗಿದ್ದಳು. “ನನ್ನ ಮಗಳ್ನ ಮುಟ್ಟಬ್ಯಾಡ್ರಿ ಯಕ್ಕಾ! ನನ್ನ ಹಣೇಬರಾ ನಾ ಹೊರ್ತೀನಿ.”

“ಹೊರವಾ, ಯಾರು ಬ್ಯಾಡಂದ್ರು? ಮದಲ ತಲಿ ಹಿಕ್ಕೋ ಹೋಗು. ಹೇನು ಕುಣ್ಯಾಕತ್ತಾವ.”

ತಾಯಿಯೊಬ್ಬಳಿಗೆ ಆಡುವ ಮಾತೇ ಇದು! ನಾನು ನಾಚಿಕೆಯಿಂದ ಕುಗ್ಗಿಹೋದೆ. ಗುರಮ್ಮನ ಕೈ ತಾನಾಗಿ ಕೂದಲಿಗೆ ಹೋಯಿತು. ಮಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ ತಲೆಗೆ ಎರಕೊಂಡಳು, ಹಾಗೇ ನೆಲಕ್ಕೆ ತಲೆ ಹಚ್ಚಿ ಮಲಗಿದಳು. ಸಂಜೆ ಗಂಡ ಬಂದು ಅಲುಗಿಸಿದರೆ ಏಳಲೊಲ್ಲಳು! ಸತ್ತೇಹೋದಳೆಂದು ಆತ ಬಾಯಿ ಬಡಕೊಂಡ. ಸತ್ತಿರಲಿಲ್ಲ, ಎಷ್ಟೋ ವರ್ಷಗಳ ನಿದ್ದೆ ಒಮ್ಮೆಲೇ ಬಂದಿತ್ತು.

ಅಂದಿನಿಂದ ಕಳವು ನಡೆದೇ ಇತ್ತು. “ನಿನಗೂ ಇಂಥಾದೊಂದು ಕೂಸು ಇತ್ತೇನಬೇ?” ಎಂದು ಯಾರೋ ಮರುಗಿ ಕೇಳಿದರೆ ಅತ್ತಿ ಕೆಂಡವಾಗುತ್ತಿದ್ದಳು: “ಇದ್ರಷ್ಟೇ ಎತ್ಕೋಬೇಕಂತ ಕಾಯ್ದೆ ಅದ ಏನು?”

ಪಂಚಮಿ ಬಂತು. ಗಂಡನ ಮನೆಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ಗುರಮ್ಮನ ಅಣ್ಣ ಚಿಮ್ಮನಚೋಡದಿಂದ ವರ್ಷವೂ ಕರೆಯಲು ಬರುತ್ತಿದ್ದ. ಮಲ್ಲಿ ಎಳೆಗೂಸಾಗಿದ್ದಾಗ ತವರು ಬಿಟ್ಟ ಗುರಮ್ಮ ಏನೋ ನೆವ ಹೇಳಿ ಆತನನ್ನು ಕಳಿಸುತ್ತಿದ್ದಳು. ಈ ಸಲ ಆತ ಗುರಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟ.

“ಅವ್ವ ಹಾಸಿಗಿ ಹಿಡದಾಳ ತಂಗಿ. ಉಳಿಯೂಹಂಗಿಲ್ಲ. ಒಮ್ಮಿ ಬಾ.”

“ಹ್ಯಾಂಗ ಬರ್ಲೋ ಯಣ್ಣಾ? ಇಕಿನ್ನ ಮೋಟಾರಿನಾಗ ಒಯ್ದ್ರ ಮಂದಿ ನೋಡ್ತಾರ. ಬಿಟ್ಟು ಬರಬೇಕಂದ್ರ ಜೀವ ಒಪ್ಪವಲ್ಲದು.”

ಕೇಳುತ್ತ ನಿಂತಿದ್ದ ಅತ್ತಿ ಸರಕ್ಕನೆ ಒಳಹೊಕ್ಕು ಮಲ್ಲಿಯನ್ನು ಹೆಗಲಿಗೇರಿಸಿದಳು. “ಈಗ ನಿನ್ನ ಕಡೆ ಮಗಳಿಲ್ಲ. ಹೊಂಡು!” ನಮ್ಮ ಮನೆ ಸೇರಿ ಬಾಗಿಲು ಜಡಿದಳು. ಗುರಮ್ಮ ಬಾಗಿಲು ಬಡಿದಳು, ಬೈದಳು, ಅತ್ತಳು. ಕೊನೆಗೆ ಅಣ್ಣನ ಜೊತೆ ಸೇಡಂ ಕಡೆಯ ಮೋಟಾರು ಹತ್ತಿದಳು.

ಆಮೇಲೆ ಶುರುವಾಯಿತು ಮಲ್ಲಿಯ ಚಳವಳಿ! ಅನ್ನವನ್ನು ಅತ್ತಿಯ ಮುಖಕ್ಕೆ ಉಗುಳಿದಳು, ನನ್ನ ಕೋಟಿಗೆ ಉಗುಳಿದಳು. ಅತ್ತು ಅತ್ತು ನೀಲಿಯಾದಳು. ರೈಲು ಕೂಗಿದಾಗ ಮಾತ್ರ ಗಪ್ಪಾಗಿ, ಬಾಯಿ ತೆರೆದು ನಗುತ್ತಿದ್ದಳು. ಆದರೆ ರೈಲು ನಾವು ಕರೆದಾಗ ಬರುತ್ತದೆಯೇ?

“ಏ, ಓದಿದಾಂವ, ಇಂಜಿನ್ ಆಗು!” ಅಂದಳು ಅತ್ತಿ.

ಆದೆ! ಮತ್ತೇನು ಮಾಡಲಿ? ಕೋಟಿನಲ್ಲೇ ಕೂಗು ಹಾಕುತ್ತ ಅಂಗಳ ಸುತ್ತಿದೆ. ಒಂದೊಂದು ಸುತ್ತಿಗೆ ಮಲ್ಲಿ ಒಂದೊಂದು ತುತ್ತು ನುಂಗಿದಳು. ಗೋಡೆಯಾಚೆಯಿಂದ ಯಾರೋ ಮರುಗಿದರು: “ಪಾಪ, ಭಾಳ ಓದಿದ್ರ ಹಿಂಗ ಆಗ್ತದ ನೋಡು.”

ಹಬ್ಬ ಮುಗಿಯುವ ಮೊದಲೇ ಓಣಿಯ ಬಾಯಿಗೆ ಟಾಂಗಾ ಬಂದು ನಿಂತಿತು. ಗುರಮ್ಮನ ಕಣ್ಣು ಕೆಂಪಾಗಿದ್ದವು. ಮುದುಕಿ ತೀರಿಹೋದಳೆಂದು ನಾವೆಲ್ಲ ಎದ್ದುನಿಂತೆವು. ಅಷ್ಟರಲ್ಲಿ ಅವಳ ಅಣ್ಣ ಟಾಂಗಾದಿಂದ ಒಂದು ಕೌದಿಯ ಗಂಟನ್ನು ಎತ್ತಿ ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದ. ಗಂಟು ಮಾತಾಡಿತು!

“ಯಾವಾಕಿ ಅಕಿ, ನನ್ನ ಮೊಮ್ಮಗಳ್ನ ಇಟ್ಕೊಂಡಾಕಿ?”

ಸಾಯಲು ಮಲಗಿದ್ದ ಮುದುಕಿ! ಮೋಟಾರಿನಲ್ಲಿ ಕುಲುಕಾಡುತ್ತ ಬಂದಿದ್ದಾಳೆ! ಅತ್ತಿ ಹೆಮ್ಮೆಯಿಂದ ಮುಂದೆ ಬಂದಳು. “ನಾನ್ರಿ ಯವ್ವಾ. ಮಗಳು ತವರಿಗೆ ಬರ್ಲಿ ಅಂತ...”

“ಬರೇ ಮಗಳ್ನ ಯಾರು ಕೇಳಿದ್ರು? ಇದನ್ನ ನೋಡಬೇಕಂತ ಜೀವ ಹಿಡ್ಕೊಂಡು ಬಿದ್ದಿದ್ದೆ. ಮಂದಿ ನೋಡ್ತಾರಂತ! ಮಂದಿ ಕಣ್ಣಿಗೆ ಅಂಜಿ ನನ್ನ ಕಣ್ಣಿಗೆ ಬಟ್ಟಿ ಕಟ್ಟಿದ್ರೇನು?”

ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಅತ್ತಿ ಬಿಚ್ಚಿ ಹೆಗಲಿಗೆ ಹೊದ್ದಳು. ಅದನ್ನು ನಾನು ಕಂಡದ್ದು ಅದೇ ಮೊದಲು. ಒಳಗೆ ಹೋಗಿ ಮಲ್ಲಿಯನ್ನು ತಂದು ಮುದುಕಿಯ ತೊಡೆಯ ಮೇಲೆ ಮಲಗಿಸಿದಳು. ಮೊಮ್ಮಗಳ ತಲೆ ಒಂದು ಕಡೆಗೆ ವಾಲಿತು. ಅತ್ತಿ ಪಕ್ಕದಲ್ಲೇ ನೆಲಕ್ಕೆ ಕುಳಿತು ಆ ಪುಟ್ಟ ಕತ್ತಿನ ಕೆಳಗೆ ತನ್ನ ಅಂಗೈ ಇಟ್ಟಳು. ಮುದುಕಿ ಬಗ್ಗಿ ಮಲ್ಲಿಯ ಹಣೆ, ಮೂಗು, ಗಲ್ಲ ಒಂದೊಂದನ್ನೇ ಬೆರಳಿನಿಂದ ಸವರಿದಳು.

“ಥೇಟ್ ನನ್ನ ಗುರಮ್ಮ ಸಣ್ಣಾಕಿ ಇದ್ದಂಗ ಅದಾಳ,” ಅಂದಳು. ಆಮೇಲೆ ಅತ್ತಿಯ ಕಡೆ ತಿರುಗದೆಯೇ, ಮೆಲ್ಲಗೆ, “ಕೈ ತಗೀಬ್ಯಾಡವ ಮತ್ತ.”

“ತಗ್ಯಾಂಗಿಲ್ರಿ ಯವ್ವಾ.”

ಗುರಮ್ಮ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆಹೋಗಿದ್ದಳು. ದೀಪ ಹಚ್ಚುವ ಹೊತ್ತಾದರೂ ಅತ್ತಿಯ ಅಂಗೈ ಅಲ್ಲೇ ಇತ್ತು.